41ನೇ ವಯಸ್ಸಿಗೆ ಮೊದಲ ಸಲ ಗ್ಯಾಲಗಾ ಆಡಿದೆ, ಎರಡನೇ ಸ್ಟೇಜ್ ದಾಟುತ್ತಿಲ್ಲ. ನಗುವವರು ನಕ್ಕು ಮುಗಿಸಿ ಉತ್ತರ ಕೊಡಿ

ಟಿಳಕವಾಡಿ_ಚಹಾ

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ಆಡುವ ಪೈಕಿ ಅಲ್ಲ. ಬೆಳಗಾವಿಯಲ್ಲಿ ಲೆಕ್ಕಪತ್ರದ ಕೆಲಸ. ಚಿಕ್ಕವನಿದ್ದಾಗ ವಿಡಿಯೋ ಗೇಮ್ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದ್ದು ಗೊತ್ತಾದರೂ ಸಾಕು, ಅಪ್ಪ ಬೆಲ್ಟ್ ಹುಡುಕುತ್ತಿದ್ದರು. ಅವರ ಪ್ರಕಾರ ಅದೂ ಇಸ್ಪೀಟ್ ಅಡ್ಡೆಯೂ ಒಂದೇ.

ಉದ್ಯಮಬಾಗದಲ್ಲಿ ಶೆಡ್ ಇರುವ ನನ್ನ ಗೆಳೆಯನೊಬ್ಬ ಹಳೇ ಕಾಲದ ಆರ್ಕೇಡ್ ಪೆಟ್ಟಿಗೆಯನ್ನು, ಅಂದರೆ ನಾಣ್ಯ ಹಾಕಿ ನಿಂತು ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಯನ್ನು, ಕೈಯಾರೆ ಮಾಡಿದ್ದಾನೆ. ಪ್ಲೈವುಡ್ ಮೈ, ಒಳಗೆ ಪುಟ್ಟ ಕಂಪ್ಯೂಟರ್, ಅಡ್ಡ ಇರಬೇಕಾದ ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿದ್ದಾನೆ. ಅದರಲ್ಲಿ ಗ್ಯಾಲಗಾ. ಜಪಾನಿನ ನಾಮ್ಕೊ ಕಂಪನಿಯದು, 1981ರದ್ದು. ಆಟ ನನಗಿಂತ ವಯಸ್ಸಿನಲ್ಲಿ ದೊಡ್ಡದು.

ಕೆಳಗೆ ನನ್ನ ವಿಮಾನ, ಮೇಲೆ ಹುಳಗಳ ಸಾಲು. ಎಡಕ್ಕೆ, ಬಲಕ್ಕೆ, ಗುಂಡು. ಇಷ್ಟೇ ತಾನೇ ಅಂತ ನಿಂತೆ. ಎರಡು ನಿಮಿಷ ಆಗುವುದರೊಳಗೆ ಮೂರೂ ವಿಮಾನ ಮುಗಿದವು. ಗೆಳೆಯನ ಶೆಡ್ಡಿನ ಹುಡುಗರು ಗ್ರೈಂಡರ್ ಆಫ್ ಮಾಡಿ ಬಂದು ನಿಂತು ನೋಡಿದರು. ಆವತ್ತು ಹನ್ನೊಂದು ಸಲ ಆಡಿದೆ. ದೊಡ್ಡ ಸ್ಕೋರ್ 6,240. ಕೊನೆಗೆ ಆಟವೇ ಒಂದು ಪಟ್ಟಿ ತೋರಿಸುತ್ತದೆ, ಎಷ್ಟು ಗುಂಡು ಹಾರಿಸಿದಿರಿ, ಎಷ್ಟು ತಗುಲಿದವು ಅಂತ. ನನ್ನದು ಶೇಕಡಾ 21. ಲೆಕ್ಕದವನಿಗೆ ಲೆಕ್ಕದಲ್ಲೇ ಅವಮಾನ!

ಪ್ರಶ್ನೆ ಏನೆಂದರೆ: ಬಟನ್ ಎಷ್ಟೇ ಒತ್ತಿದರೂ ಗುಂಡು ಮಧ್ಯೆ ಮಧ್ಯೆ ಬರುವುದೇ ಇಲ್ಲ. ಪೆಟ್ಟಿಗೆ ಕೆಟ್ಟಿದೆಯೋ ಆಟವೇ ಹಾಗೋ? ಮೇಲಿನ ಹಸಿರು ದೊಡ್ಡ ಹುಳವೊಂದು ಇಳಿದು ಬಂದು ನೀಲಿ ಬೆಳಕು ಬಿಟ್ಟು ನನ್ನ ವಿಮಾನವನ್ನು ಎಳೆದುಕೊಂಡು ಹೋಯಿತು, ಅದು ಏನು? ಕೊನೆಯದು, ಈ ಆಟ ನಿಜವಾಗಿ ಚೆನ್ನಾಗಿದೆಯಾ, ಇಲ್ಲಾ ಬಾಲ್ಯದಲ್ಲಿ ಆಡಿದವರಿಗೆ ಮಾತ್ರ ಚೆಂದವಾ?

ಖಡೇಬಜಾರ್_ಹುಡುಗ

ಅಂಕಲ್, ಮೊಬೈಲಲ್ಲಿ ನೂರು ಜನರ ಜೊತೆ ಆಡುವ ಕಾಲ ಇದು. ಹುಳ ಹೊಡೆಯೋಕೆ ಉದ್ಯಮಬಾಗಕ್ಕೆ ಹೋಗ್ತೀರಾ? 😄

ಕಾಂಟ್ರಾ_ಕಾಕಾ

ತಮ್ಮಾ ಖಡೇಬಜಾರ್, ನಿನ್ನ ಮೊಬೈಲ್ ಆಟದಲ್ಲಿ ಸತ್ತರೆ ಏನು ಹೋಗುತ್ತದೆ? ನಮ್ಮ ಕಾಲದಲ್ಲಿ ಒಂದು ರೂಪಾಯಿ ಹೋಗುತ್ತಿತ್ತು. ಆ ರೂಪಾಯಿಗೆ ಎರಡು ಸಮೋಸಾ ಬರುತ್ತಿತ್ತು.

ಚಹಾ ಅವರೇ, ಇದು ನಮ್ಮ ಗೋಕಾಕದಲ್ಲಿ ಟಿವಿ ಗೇಮಿನ ಕ್ಯಾಸೆಟ್ಟಿನಲ್ಲೂ ಇತ್ತು. ನಾವು 'ಹುಳದ ಆಟ' ಅನ್ನುತ್ತಿದ್ದೆವು. ಸ್ಪೇಸ್ ಇನ್ವೇಡರ್ಸ್ ಅಂದರೂ ಇದೇ.

ಗುಮ್ಮಟದ_ಗುಬ್ಬಿ

ಕಾಕಾ, ಇದೇ ಅಲ್ಲ. ಸ್ಪೇಸ್ ಇನ್ವೇಡರ್ಸ್ 1978ರದ್ದು, ಟೈಟೊ ಕಂಪನಿಯದು, ಮಾಡಿದವರು ತೊಮೊಹಿರೊ ನಿಶಿಕಾಡೊ. ಅದರಲ್ಲಿ 55 ಜೀವಿಗಳು ಸಾಲುಗಟ್ಟಿ ಅಡ್ಡಡ್ಡ ಸರಿಯುತ್ತಾ ಕೆಳಗೆ ಬರುತ್ತವೆ. ಸಾಲು ಬಿಟ್ಟು ಒಂಟಿಯಾಗಿ ಹಾರಿ ಬರುವುದಿಲ್ಲ. ಆಮೇಲೆ 1979ರಲ್ಲಿ ನಾಮ್ಕೊ ಗ್ಯಾಲಕ್ಸಿಯನ್ ತಂದಿತು, ಅದರಲ್ಲಿ ಹುಳಗಳು ಸಾಲು ಬಿಟ್ಟು ಧುಮುಕಲು ಶುರು ಮಾಡಿದವು. ಅದರ ಮುಂದಿನದು ಗ್ಯಾಲಗಾ.

ಚಹಾ ಅವರಿಗೆ: ಪೆಟ್ಟಿಗೆ ಕೆಟ್ಟಿಲ್ಲ. ಗ್ಯಾಲಗಾದಲ್ಲಿ ಒಂದು ಹೊತ್ತಿಗೆ ಪರದೆ ಮೇಲೆ ನಿಮ್ಮ ಎರಡು ಗುಂಡು ಮಾತ್ರ ಇರಬಹುದು. ಎರಡೂ ಗುರಿ ತಪ್ಪಿದರೆ ಅವು ಮೇಲಿನ ಅಂಚು ದಾಟಿ ಹೋಗುವ ತನಕ ನೀವು ಬರಿಗೈ. ಅಂದರೆ ತಪ್ಪಿದ ಗುಂಡಿಗೆ ಶಿಕ್ಷೆ ಇದೆ, ತಗುಲಿದ ಗುಂಡು ತಕ್ಷಣ ಮರಳಿ ಸಿಗುತ್ತದೆ. ಬಡಬಡ ಒತ್ತಿದಷ್ಟೂ ಬಂದೂಕು ಖಾಲಿ. ನಿಮ್ಮ ಶೇಕಡಾ 21ರ ಗುಟ್ಟು ಇಲ್ಲೇ ಇದೆ.

ಸುಮ್ನೆ_ಓದುವವ

ನೂರು ಗುಂಡಿಗೆ ಎಪ್ಪತ್ತೊಂಬತ್ತು ಆಕಾಶಕ್ಕೆ. ಜಿಎಸ್‌ಟಿ ಕಟ್ಟಿದಿರಾ?

ನಿವೃತ್ತ_ಮಾಸ್ತರ

ಎರಡು ಗುಂಡಾದರೂ ಇದೆಯಲ್ಲ. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಾ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಒಂದು ಗುಂಡು ಹಾರಿಸಿದರೆ ಕಿವಿ ಉಳಿಸಿಕೊಳ್ಳಲು ತೋಪಿನವನು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದನೆಂದು ಊರಲ್ಲಿ ಕತೆ ಹೇಳುತ್ತಾರೆ. ಅವನಿಗೆ ಬಟನ್ ಬಡಬಡ ಒತ್ತುವ ಯೋಗ ಎಲ್ಲಿತ್ತು?

ನನಗೆ 63. ಮೊಮ್ಮಗನ ಕಂಪ್ಯೂಟರಿನಲ್ಲಿ ಇದೇ ಆಟ ಆಡುತ್ತೇನೆ. ಸ್ಕೋರ್ ಹೇಳುವುದಿಲ್ಲ, ದೃಷ್ಟಿ ಆಗುತ್ತದೆ.

ಖಡೇಬಜಾರ್_ಹುಡುಗ

ಮಾಸ್ತರ್ರೇ ಸ್ಕೋರ್ ಹೇಳಿ 😭

ನವನಗರ_ಸೆಕ್ಟರ್

ನೀಲಿ ಬೆಳಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲರೂ ತೋಪು ನೋಡಲು ಹೋದಿರಿ.

ಅದು ಬಾಸ್. ಮೇಲಿನ ಸಾಲಿನಲ್ಲಿ ನಾಲ್ಕು ಇರುತ್ತವೆ. ಬೆಳಕಿಗೆ ಸಿಕ್ಕರೆ ವಿಮಾನ ಬಂದಿ. ಆದರೆ ಕಳೆದುಹೋಯಿತು ಅಂತ ಅಲ್ಲ. ಆ ಬಾಸ್ ನಿಮ್ಮ ವಿಮಾನವನ್ನು ಜೊತೆಗೆ ಇಟ್ಟುಕೊಂಡು ಮತ್ತೆ ಕೆಳಗೆ ಧುಮುಕುತ್ತದೆ. ಧುಮುಕುವಾಗ ಅದನ್ನು ಹೊಡೆದರೆ ವಿಮಾನ ಬಿಡುಗಡೆಯಾಗಿ ಬಂದು ನಿಮ್ಮ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಜೋಡಿ ವಿಮಾನ, ಜೋಡಿ ಗುಂಡು. ಬಾಸ್ ಸಾಲಿನಲ್ಲಿ ನಿಂತಿರುವಾಗ ಹೊಡೆದರೆ ಆಗ ವಿಮಾನ ಕೈಗೆ ಬರುವುದಿಲ್ಲ. ಬಾಸ್‌ಗೆ ಎರಡು ಏಟು ಬೇಕು, ಮೊದಲನೇ ಏಟಿಗೆ ಬಣ್ಣ ಬದಲಾಗುತ್ತದೆ. ಗಡಿಬಿಡಿಯಲ್ಲಿ ನಿಮ್ಮ ವಿಮಾನವನ್ನೇ ನೀವು ಹೊಡೆದರೆ ಕತೆ ಮುಗಿಯಿತು. ಇನ್ನೊಂದು, ಕೊನೆಯ ವಿಮಾನ ಬಂದಿಯಾದರೆ ಆಟ ಖಲಾಸ್, ಬಿಡಿಸಲು ಯಾರೂ ಉಳಿದಿರುವುದಿಲ್ಲ.

ಹಾಗಾಗಿ ಮೊದಲ ಸ್ಟೇಜಿನಲ್ಲೇ ಬೇಕಂತಲೇ ಸಿಕ್ಕಿಬೀಳಬೇಕು.

ಟಿಳಕವಾಡಿ_ಚಹಾ

ಬೇಕಂತಲೇ?! ನಾನು ಅದನ್ನು ನೋಡಿದರೆ ಮೂಲೆಗೆ ಓಡುತ್ತಿದ್ದೆ.

ಕಾಂಟ್ರಾ_ಕಾಕಾ

ಇದಕ್ಕೆ ನಾನು ಒಪ್ಪುವುದಿಲ್ಲ. ಜೋಡಿ ವಿಮಾನ ಅಂದರೆ ಮೈ ಕೂಡ ಎರಡು ಪಟ್ಟು ಅಗಲ. ಹೊಸಬರಿಗೆ ಅದು ಭಾರ. ಒಂದನ್ನೇ ಉಳಿಸಿಕೊಳ್ಳಲು ಬರದವನಿಗೆ ಎರಡು ಕೊಟ್ಟರೆ ಎರಡನ್ನೂ ಕಳೆಯುತ್ತಾನೆ. ಎತ್ತು ಕಟ್ಟಲು ಬರದವನಿಗೆ ಜೋಡೆತ್ತು ಯಾಕೆ?

ನವನಗರ_ಸೆಕ್ಟರ್

ಕಾಕಾ, ಏಟು ಬಿದ್ದರೆ ಒಂದೇ ಹೋಗುತ್ತದೆ, ಎರಡೂ ಹೋಗುವುದಿಲ್ಲ. ಮೂರನೇ ಸ್ಟೇಜ್ ಬಂದಾಗ ನೋಡಿ ಜೋಡಿಯ ಬೆಲೆ. ಅದು 'ಚಾಲೆಂಜಿಂಗ್ ಸ್ಟೇಜ್', 40 ಹುಳಗಳು ಹಾರಿ ಹೋಗುತ್ತವೆ, ಗುಂಡು ಹಾರಿಸುವುದಿಲ್ಲ. ನಲವತ್ತೂ ಹೊಡೆದರೆ 10,000 ಬೋನಸ್. ಆಮೇಲೆ ಏಳು, ಹನ್ನೊಂದು, ಹೀಗೆ ನಾಲ್ಕು ಸ್ಟೇಜಿಗೊಮ್ಮೆ ಬರುತ್ತದೆ. ಒಂಟಿ ವಿಮಾನದಲ್ಲಿ ನಲವತ್ತಕ್ಕೆ ನಲವತ್ತು ಹೊಡೆದು ತೋರಿಸಿ, ಅಮೀನಗಡದ ಕರದಂಟು ನನ್ನ ಲೆಕ್ಕಕ್ಕೆ.

ಕಾಂಟ್ರಾ_ಕಾಕಾ

ಕರದಂಟು ಅಂದರೆ ಗೋಕಾಕ. ಅಮೀನಗಡದ್ದು ನೀವೇ ಇಟ್ಟುಕೊಳ್ಳಿ.

ನವನಗರ_ಸೆಕ್ಟರ್

ಶುರುವಾಯಿತು.

ಸುಮ್ನೆ_ಓದುವವ

ನಿರ್ವಾಹಕರೇ, ಹೋದ ವರ್ಷದ ಕರದಂಟು ಚರ್ಚೆ ಇನ್ನೂ ಮುಗಿದಿಲ್ಲ, ದಯವಿಟ್ಟು.

ನಿರ್ವಾಹಕ

ಕರದಂಟು ಬೇಡ. ಹುಳ ಸಾಕು.

ಜೋಳದ_ಹೊಲ

ನಾನು ಬಸವನ ಬಾಗೇವಾಡಿ ಕಡೆಯವನು. ಆರ್ಕೇಡ್ ಪೆಟ್ಟಿಗೆ ನೋಡಿದ್ದು ಒಂದೇ ಸಲ, ಅದೂ ಹುಬ್ಬಳ್ಳಿಯಲ್ಲಿ, ಮೂವತ್ತನೇ ವಯಸ್ಸಿಗೆ. ಆದರೆ ಮೊದಲ ದಿನವೇ ಐದನೇ ಸ್ಟೇಜ್ ಮುಟ್ಟಿದೆ. ಅಲ್ಲಿದ್ದವರು ನಂಬಲಿಲ್ಲ. ಕಾರಣ ನನಗೆ ಆಮೇಲೆ ಹೊಳೆಯಿತು.

ಚಿಕ್ಕಂದಿನಲ್ಲಿ ಬಿಳಿಜೋಳಕ್ಕೆ ಹಕ್ಕಿ ಕಾಯಲು ನನ್ನನ್ನು ಹೊಲಕ್ಕೆ ಕಳಿಸುತ್ತಿದ್ದರು. ಹೊಲದ ನಡುವೆ ಮಂಚಿಕೆ, ಕೈಯಲ್ಲಿ ಕವಣೆ, ಪಕ್ಕದಲ್ಲಿ ಮಣ್ಣಿನ ಗುಂಡುಗಳ ರಾಶಿ. ಶುರುವಿನಲ್ಲಿ ನಾನೂ ಹಿಂಡಿನ ಕಡೆ ಸುಮ್ನೆ ಬೀಸುತ್ತಿದ್ದೆ. ನೂರು ಬೀಸಿದರೂ ಒಂದು ಹಕ್ಕಿ ಕದಲುತ್ತಿರಲಿಲ್ಲ, ತೋಳು ಮಾತ್ರ ಬಿದ್ದುಹೋಗುತ್ತಿತ್ತು. ನಮ್ಮ ಅಜ್ಜ ಒಂದು ದಿನ ಕವಣೆ ಕಸಿದುಕೊಂಡು ಹೇಳಿದರು, "ಇವತ್ತು ಬೀಸಬ್ಯಾಡ. ಬರೇ ನೋಡು." ಇಡೀ ದಿನ ನೋಡಿದೆ. ಹಿಂಡು ಯಾವ ಮರದಿಂದ ಎದ್ದು ಯಾವ ಮೂಲೆಯಿಂದ ಇಳಿಯುತ್ತದೆ, ಇಳಿಯುವ ಮೊದಲು ಯಾವ ಕಡೆ ಒಂದು ಸುತ್ತು ಹೊಡೆಯುತ್ತದೆ, ಎಲ್ಲವೂ ದಿನಾ ಒಂದೇ ತರಹ. ಆಮೇಲೆ ನಾನು ಹಕ್ಕಿ ಇರುವ ಕಡೆ ಬೀಸಲೇ ಇಲ್ಲ, ಬರುವ ಕಡೆ ಬೀಸಿದೆ.

ಗ್ಯಾಲಗಾ ಅದೇ. ಸ್ಟೇಜ್ ಶುರುವಾದಾಗ ಹುಳಗಳು ಹಾರಿ ಬಂದು ಸಾಲು ಕಟ್ಟುತ್ತವೆ ನೋಡಿ, ಆ ದಾರಿ ಪ್ರತಿ ಸಲ ಅದೇ. ಸಾಲು ಕಟ್ಟುವ ಮೊದಲೇ, ದಾರಿಯಲ್ಲೇ ಅರ್ಧ ಹೊಡೆಯಬಹುದು. ನೀವು ಒಂದು ಆಟ ಬಟನ್ ಮುಟ್ಟದೆ ಆಡಿ ನೋಡಿ. ಬರೀ ತಪ್ಪಿಸಿಕೊಳ್ಳಿ.

ಟಿಳಕವಾಡಿ_ಚಹಾ

ಇದು ನನಗೆ ಅರ್ಥವಾಯಿತು. ಇವತ್ತು ಸಂಜೆ ಮಾಡಿ ನೋಡುತ್ತೇನೆ. ನಿಮ್ಮ ಅಜ್ಜನಿಗೆ ನಮಸ್ಕಾರ.

ಜೋಳದ_ಹೊಲ

ಅಜ್ಜ ಈಗಿಲ್ಲ. ಹೊಲ ಇದೆ. ಜನವರಿಯಲ್ಲಿ ಬನ್ನಿ, ಸೀತನಿ ತಿನ್ನೋಣ.

ಖಡೇಬಜಾರ್_ಹುಡುಗ

ಸೀತನಿ ಅಂದರೆ?

ಜೋಳದ_ಹೊಲ

ಎಳೇ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ ತಿನ್ನುವುದು. ಬೆಲ್ಲ, ಶೇಂಗಾ ಹಿಂಡಿ ಜೊತೆ. ತಮ್ಮಾ, ಬೆಳಗಾವಿಯಲ್ಲಿದ್ದು ಇದು ಗೊತ್ತಿಲ್ಲವಾ?

ಉದ್ಯಮಬಾಗ_ಗ್ರೈಂಡರ್

ಚಹಾ ಅವರ ಗೆಳೆಯ ನಾನಲ್ಲ, ಆದರೆ ಪಕ್ಕದ ಶೆಡ್ಡಿನವನು ಇರಬಹುದು 😄. ನಾನೂ ಎರಡು ಪೆಟ್ಟಿಗೆ ಮಾಡಿದ್ದೇನೆ. ಎರಡು ಮಾತು.

ಹ್ಯಾಂಡಲ್ ಯಾವುದು ಹಾಕಿದ್ದಾರೆ ನೋಡಿ. ಈಗ ಸಿಗುವುದೆಲ್ಲ ಎಂಟು ದಿಕ್ಕಿಗೆ ತಿರುಗುವ ಹ್ಯಾಂಡಲ್. ಗ್ಯಾಲಗಾದ ಅಸಲಿ ಪೆಟ್ಟಿಗೆಯಲ್ಲಿ ಎರಡೇ ದಿಕ್ಕು, ಎಡ ಮತ್ತು ಬಲ. ಗಾಬರಿಯಲ್ಲಿ ಹ್ಯಾಂಡಲ್ ನೇರ ಮೇಲಕ್ಕೋ ಕೆಳಕ್ಕೋ ಹೋದರೆ ಒಂದು ಕ್ಷಣ ವಿಮಾನ ನಿಂತುಬಿಡುತ್ತದೆ, ಆ ಕ್ಷಣದಲ್ಲೇ ಔಟ್. ಹ್ಯಾಂಡಲ್ ಕೆಳಗೆ ಉದ್ದ ಸೀಳಿರುವ ಒಂದು ತಗಡು ಕೂರಿಸಿದರೆ ಎಡ-ಬಲ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಎರಡು ಮಿಲಿಮೀಟರ್ ಶೀಟ್ ಸಾಕು. ನಾನು ಸ್ಕ್ರ್ಯಾಪಿನಲ್ಲೇ ಮಾಡಿದ್ದೆ.

ಇನ್ನೊಂದು ಮಾನಿಟರ್. ಟಿವಿ ಹಾಕಿದ್ದರೆ ಅದರಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲವಾದರೆ ಟಿವಿ ಚಿತ್ರವನ್ನು ನುಣುಪು ಮಾಡುತ್ತಾ ಕೂರುತ್ತದೆ, ನೀವು ಬಟನ್ ಒತ್ತಿದ ಮೇಲೆ ಗುಂಡು ಕಾಣಲು ತಡವಾಗುತ್ತದೆ. ಹಳೇ ಡಬ್ಬಾ ಟಿವಿಯಲ್ಲಿ ಈ ರಗಳೆಯೇ ಇರಲಿಲ್ಲ.

ಕಾಂಟ್ರಾ_ಕಾಕಾ

ಡಬ್ಬಾ ಟಿವಿ ಅಂದ ಕೂಡಲೇ ನೆನಪಾಯಿತು. ಬಾತುಕೋಳಿ ಹೊಡೆಯುವ ಬಂದೂಕಿನ ಆಟ ಇತ್ತಲ್ಲ, ಅದನ್ನು ಹೋದ ತಿಂಗಳು ಅಟ್ಟದಿಂದ ಇಳಿಸಿ ಹೊಸ ಎಲ್‌ಇಡಿ ಟಿವಿಗೆ ಹಚ್ಚಿದೆ. ಒಂದು ಬಾತುಕೋಳಿಯೂ ಸಾಯಲಿಲ್ಲ. ಆ ನಾಯಿ ಮಾತ್ರ ಹುಲ್ಲಿನಿಂದ ಎದ್ದು ನಗುತ್ತಿತ್ತು. ಮಗಳು ಕೂಡ.

ಗುಮ್ಮಟದ_ಗುಬ್ಬಿ

ಅದು ಸಾಯುವುದೇ ಇಲ್ಲ ಕಾಕಾ. ಆ ಬಂದೂಕು ಏನನ್ನೂ ಹಾರಿಸುವುದಿಲ್ಲ, ಅದರ ಮೂತಿಯಲ್ಲಿ ಬೆಳಕು ಹಿಡಿಯುವ ಸೆನ್ಸರ್ ಇದೆ. ನೀವು ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಬಂದೂಕಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ ಅಂತ ಲೆಕ್ಕ. ಇದೆಲ್ಲ ಹಳೇ ಟ್ಯೂಬ್ ಟಿವಿಯ ವೇಗಕ್ಕೆ ಹೊಂದಿಸಿದ್ದು. ಎಲ್‌ಇಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಆಗ ಬಂದೂಕು ನೋಡುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ.

ಕಾಂಟ್ರಾ_ಕಾಕಾ

ಓಹೋ! ಅದಕ್ಕೇ ಚಿಕ್ಕವರಿದ್ದಾಗ ಟ್ಯೂಬ್‌ಲೈಟಿಗೆ ಗುರಿ ಇಟ್ಟರೂ ಸಾಯುತ್ತಿರಲಿಲ್ಲ! ಮೂವತ್ತು ವರ್ಷದ ಅನುಮಾನ ಇವತ್ತು ಹೋಯಿತು. ಮೊದಲು ಕತ್ತಲೆ ಕಾಣಬೇಕಿತ್ತು ಅಲ್ವಾ.

ನಿವೃತ್ತ_ಮಾಸ್ತರ

ಬಂದೂಕಿನ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಬಲೂನ್ ಹೊಡೆಯುವ ಅಂಗಡಿಗಳು ಸಾಲಾಗಿ ಕೂರುತ್ತವೆ. 1970ರ ದಶಕದಲ್ಲಿ ನಾನು ಹುಡುಗ. ಒಂದು ಬಂದೂಕಿನ ನಳಿಗೆ ಬಲಕ್ಕೆ ವಾಲುತ್ತದೆ ಅಂತ ಎರಡು ದಿನ ದುಡ್ಡು ಕಳೆದ ಮೇಲೆ ಕಂಡುಹಿಡಿದೆ. ಮೂರನೇ ದಿನ ಎಡಕ್ಕೆ ಗುರಿ ಇಟ್ಟು ಸಾಲು ಸಾಲು ಬಲೂನ್ ಒಡೆದೆ. ಅಂಗಡಿಯವನು ನಕ್ಕು, ಪಕ್ಕದ ಬಂದೂಕು ಕೈಗೆ ಕೊಟ್ಟ. ಅದು ಎಡಕ್ಕೆ ವಾಲುತ್ತಿತ್ತು.

ಆಟ ಆಡಿಸುವವನು ಯಾವತ್ತೂ ದುಡ್ಡಿಗೇ ಆಟ ಕಟ್ಟಿರುತ್ತಾನೆ. ಹುಳದ ಪೆಟ್ಟಿಗೆಯೂ ಅಷ್ಟೇ. ಹೊಸಬ ಎರಡು ನಿಮಿಷದಲ್ಲಿ ಔಟ್ ಆಗದಿದ್ದರೆ ಅಂಗಡಿಯವನ ಹೊಟ್ಟೆ ತುಂಬುವುದು ಹೇಗೆ?

ಗುಮ್ಮಟದ_ಗುಬ್ಬಿ

ಮಾಸ್ತರ್ರೇ, ಅರ್ಧ ಸರಿ. ಬೇಗ ಔಟ್ ಆಗಬೇಕು ನಿಜ. ಆದರೆ ತನ್ನ ತಪ್ಪಿಂದಲೇ ಔಟ್ ಆದೆ ಅಂತ ಅನ್ನಿಸಬೇಕು, ಇಲ್ಲದಿದ್ದರೆ ಇನ್ನೊಂದು ನಾಣ್ಯ ಹಾಕುವುದಿಲ್ಲ. ಗ್ಯಾಲಗಾದಲ್ಲಿ ನಳಿಗೆ ವಾಲುವುದಿಲ್ಲ. ಅದಕ್ಕೇ ಚಹಾ ಅವರು ಒಂದೇ ದಿನ ಹನ್ನೊಂದು ಸಲ ಆಡಿದ್ದು.

ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇನ್ನೂ ಮಜಾ ಇದೆ. ಜೀವಿಗಳು ಕಮ್ಮಿಯಾದಂತೆ ಉಳಿದವು ಜೋರಾಗಿ ಓಡುತ್ತವೆ ಅಲ್ವಾ? ಅದು ಮೊದಲು ಯೋಚಿಸಿ ಮಾಡಿದ್ದಲ್ಲ. ಅದರ ಪ್ರೊಸೆಸರ್ ಇಂಟೆಲ್ 8080. ಪರದೆ ಮೇಲೆ ಐವತ್ತೈದು ಇದ್ದಾಗ ಎಲ್ಲವನ್ನೂ ಸರಿಸಿ ಬಿಡಿಸಲು ಹೊತ್ತು ಹಿಡಿಯುತ್ತಿತ್ತು. ಸತ್ತಷ್ಟೂ ಕೆಲಸ ಹಗುರ, ಆಟ ಚುರುಕು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೇ ಬಿಟ್ಟರು. ಕೊನೆಯದೊಂದು ಉಳಿದಾಗ ಎದೆ ಹೊಡೆದುಕೊಳ್ಳುವುದು ಅದಕ್ಕೇ.

ಉದ್ಯಮಬಾಗ_ಗ್ರೈಂಡರ್

ಶೆಡ್ಡಿನಲ್ಲಿ ಹಬ್ಬಕ್ಕೆ ಹುಡುಗರು ಊರಿಗೆ ಹೋದಾಗ ಉಳಿದ ಒಬ್ಬ ಓಡಾಡುವ ಹಾಗೆ.

ಖಡೇಬಜಾರ್_ಹುಡುಗ

ಆ ಆಟದಿಂದ ಜಪಾನಲ್ಲಿ ನೂರು ಯೆನ್ ನಾಣ್ಯವೇ ಖಾಲಿ ಆಗಿತ್ತಂತೆ, ಒಂದು ವಿಡಿಯೋದಲ್ಲಿ ನೋಡಿದೆ.

ಗುಮ್ಮಟದ_ಗುಬ್ಬಿ

ಅದು ಕಟ್ಟುಕತೆ. ಚೆಂದದ ಕಟ್ಟುಕತೆ ಆದ್ದರಿಂದ ಸಾಯುತ್ತಿಲ್ಲ.

ನವನಗರ_ಸೆಕ್ಟರ್

ಲೆಕ್ಕ ಹಾಕಿ ನೋಡಿ. ಪೆಟ್ಟಿಗೆಗೆ ಬಿದ್ದ ನಾಣ್ಯ ಅಲ್ಲೇ ಕೂತಿರುತ್ತದಾ? ಅಂಗಡಿಯವನು ಚೀಲದಲ್ಲಿ ಬ್ಯಾಂಕಿಗೆ ಒಯ್ಯುತ್ತಾನೆ, ಮತ್ತೆ ಜನರ ಕೈಗೆ ಬರುತ್ತದೆ. ನಮ್ಮ ಹಳೇ ಬಾಗಲಕೋಟೆಯ ಗೇಮ್ ಅಂಗಡಿಯಲ್ಲಿ ಚಿಲ್ಲರೆ ಯಾವತ್ತೂ ಖಾಲಿ ಆಗುತ್ತಿರಲಿಲ್ಲ. ಪಕ್ಕದ ಕಿರಾಣಿಯವನು ಅಲ್ಲಿಂದಲೇ ಚಿಲ್ಲರೆ ತರುತ್ತಿದ್ದ.

ಆ ಅಂಗಡಿ ಇದ್ದ ಓಣಿ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ನಾವೆಲ್ಲ ನವನಗರಕ್ಕೆ ಬಂದೆವು. ಅಂಗಡಿಯಲ್ಲಿ ಇದ್ದದ್ದು ಎರಡೇ ಪೆಟ್ಟಿಗೆ, ಒಂದರ ಬಟನ್ ಸರಿ ಇರಲಿಲ್ಲ. ಊರು ಬಿಡುವ ಹೊತ್ತಿಗೆ ಅಂಗಡಿಯವರು ಎರಡನ್ನೂ ಗುಜರಿಗೆ ಹಾಕಿದರು. ಸಾಗಿಸುವ ಖರ್ಚೇ ಜಾಸ್ತಿ ಅಂತ. ನಮ್ಮ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿ ತಂದೆವು, ಆ ಪೆಟ್ಟಿಗೆಯನ್ನು ಕೇಳಬೇಕು ಅಂತ ಮಾತ್ರ ಹೊಳೆಯಲಿಲ್ಲ. ನನಗೆ ಆಗ ಹದಿನೈದು.

ಜೋಳದ_ಹೊಲ

ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಿದ್ದೀರಾ?

ನವನಗರ_ಸೆಕ್ಟರ್

ಒಂದು ಸಲ. ಕೆಸರು, ಅಡಿಪಾಯದ ಕಲ್ಲು. ಯಾವುದು ಯಾರದು ಗೊತ್ತಾಗಲಿಲ್ಲ.

ಕಾಂಟ್ರಾ_ಕಾಕಾ

ಈಗ ನಾನು ಮುಖ್ಯ ಮಾತಿಗೆ ಬರುತ್ತೇನೆ. ಚಹಾ ಅವರ ಮೂರನೇ ಪ್ರಶ್ನೆ. ಗೆಳೆಯನ ಪೆಟ್ಟಿಗೆಯಲ್ಲಿ ನಾಣ್ಯ ಬೇಕಿಲ್ಲ, ಬಟನ್ ಒತ್ತಿದರೆ ಕ್ರೆಡಿಟ್, ಅಂದರೆ ನಾಣ್ಯ ಹಾಕಿದ ಲೆಕ್ಕ. ಅಲ್ಲೇ ರುಚಿ ಕೆಟ್ಟಿತು. ಪುಕ್ಕಟೆ ಆಟದಲ್ಲಿ ಸಾಯುತ್ತಾ ಮುಂದುವರಿಯುತ್ತಾ ಹೋದರೆ ಯಾರು ಬೇಕಾದರೂ ಕೊನೆ ಮುಟ್ಟುತ್ತಾರೆ.

ಗುಮ್ಮಟದ_ಗುಬ್ಬಿ

ಗ್ಯಾಲಗಾದಲ್ಲಿ 'ಮುಂದುವರಿ' ಅನ್ನುವುದೇ ಇಲ್ಲ ಕಾಕಾ. ಎಷ್ಟು ಕ್ರೆಡಿಟ್ ಇದ್ದರೂ ಔಟ್ ಆದರೆ ಒಂದನೇ ಸ್ಟೇಜಿನಿಂದಲೇ. ನೀವು ಹೇಳುವುದು ಆಮೇಲೆ ಬಂದ ಆಟಗಳದ್ದು. ಕಾಂಟ್ರಾದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಒತ್ತಿ 30 ಲೈಫ್ ತೆಗೆದುಕೊಂಡವರು ಯಾರೋ?

ಕಾಂಟ್ರಾ_ಕಾಕಾ

ಅದು ಬೇರೆ ವಿಷಯ.

ಸುಮ್ನೆ_ಓದುವವ

ಕಾಕಾ ಔಟ್.

ನವನಗರ_ಸೆಕ್ಟರ್

ಆದರೂ ಕಾಕಾ ಹೇಳಿದ್ದರಲ್ಲಿ ತಥ್ಯ ಇದೆ. ನಾನು ಮನೆಯಲ್ಲಿ ಆಡುವಾಗ ಒಂದು ಡಬ್ಬಿಯಲ್ಲಿ ಐದು ನಾಣ್ಯ ಇಟ್ಟುಕೊಳ್ಳುತ್ತೇನೆ. ಆಟಕ್ಕೊಂದು ಇನ್ನೊಂದು ಡಬ್ಬಿಗೆ. ಐದು ಮುಗಿದರೆ ಆವತ್ತಿಗೆ ಮುಗಿಯಿತು. ಹುಚ್ಚು ಅಂತ ಹೆಂಡತಿ ಅನ್ನುತ್ತಾಳೆ. ಆದರೆ ಐದನೇ ನಾಣ್ಯದ ಆಟ ಯಾವಾಗಲೂ ಚೆನ್ನಾಗಿ ಆಗುತ್ತದೆ.

ಕಾಂಟ್ರಾ_ಕಾಕಾ

ಸರಿ, ಪಂದ್ಯ ಕಟ್ಟೋಣ. ಗ್ಯಾಲಗಾ ಶುರುವಾದಾಗ ಮೇಲೆ ಹೈಸ್ಕೋರ್ 20000 ಅಂತ ಇರುತ್ತದೆ. ಭಾನುವಾರದೊಳಗೆ ಚಹಾ ಅವರು ಅದನ್ನು ದಾಟಿದರೆ ನಾನು ಒಂದು ಕೆಜಿ ಕರದಂಟು ಕಳಿಸುತ್ತೇನೆ. ಎಲ್ಲಿಯದು ಅಂತ ಹೇಳಬೇಕಾಗಿಲ್ಲ. ದಾಟದಿದ್ದರೆ ಬೆಳಗಾವಿ ಕುಂದಾ ಒಂದು ಕೆಜಿ ನನಗೆ. ದಿನಕ್ಕೆ ಐದೇ ಆಟ.

ಟಿಳಕವಾಡಿ_ಚಹಾ

ಒಪ್ಪಿದೆ. ನನ್ನ ಸ್ಕೋರ್ 6,240 ಅನ್ನುವುದನ್ನು ಮರೆತು ಒಪ್ಪಿದೆ.

ಖಡೇಬಜಾರ್_ಹುಡುಗ

ಅಂಕಲ್, ಗೆಲ್ಲುವ ದಾರಿ ನಾನು ಹೇಳುತ್ತೇನೆ, ಹುಡುಕಿದೆ. ಮೊದಲ ಸ್ಟೇಜಿನಲ್ಲಿ ಎಡಗಡೆ ತುದಿಯ ಎರಡು ಜೇನುಹುಳ ಬಿಟ್ಟು ಉಳಿದದ್ದೆಲ್ಲ ಹೊಡೆಯಿರಿ. ಆಮೇಲೆ ಹದಿನೈದು ನಿಮಿಷ ಗುಂಡು ಹಾರಿಸದೆ ತಪ್ಪಿಸಿಕೊಳ್ಳುತ್ತಾ ಇರಿ. ಅವು ಗುಂಡು ಹಾರಿಸುವುದನ್ನೇ ನಿಲ್ಲಿಸುತ್ತವೆ. ಆಗ ಅವೆರಡನ್ನು ಹೊಡೆದರೆ ಮುಂದಿನ ಸ್ಟೇಜುಗಳಲ್ಲೂ ಯಾವ ಹುಳವೂ ಗುಂಡು ಹಾರಿಸುವುದಿಲ್ಲ!

ಗುಮ್ಮಟದ_ಗುಬ್ಬಿ

ಇದು ನಿಜ. ಅಸಲಿ ಪ್ರೋಗ್ರಾಮಿನಲ್ಲೇ ಇರುವ ದೋಷ.

ಕಾಂಟ್ರಾ_ಕಾಕಾ

ಅದು ಮಾಡಿದರೆ ಪಂದ್ಯ ರದ್ದು. ಮೋಸ.

ನಿವೃತ್ತ_ಮಾಸ್ತರ

ಹದಿನೈದು ನಿಮಿಷ ಕೈ ತಡೆದುಕೊಂಡು ನಿಲ್ಲುವವನಿಗೆ ಬಹುಮಾನ ಕೊಡಬೇಕು, ಮೋಸ ಹೇಗೆ? ನನ್ನ ತರಗತಿಯಲ್ಲಿ ಐದು ನಿಮಿಷ ಯಾರೂ ಸುಮ್ಮನೆ ಕೂರುತ್ತಿರಲಿಲ್ಲ.

ಟಿಳಕವಾಡಿ_ಚಹಾ

ಮಾಡುವುದಿಲ್ಲ ಕಾಕಾ. ಹದಿನೈದು ನಿಮಿಷ ನಿಂತರೆ ನನಗೆ ಸೊಂಟ ನೋಯುತ್ತದೆ.

ಟಿಳಕವಾಡಿ_ಚಹಾ

ಗುರುವಾರದ ವರದಿ. ಜೋಳದ ಹೊಲ ಅವರು ಹೇಳಿದ ಹಾಗೆ ಮೊದಲ ಎರಡು ಆಟ ಗುಂಡು ಹಾರಿಸದೆ ಬರೀ ನೋಡಿದೆ. ಶೆಡ್ಡಿನ ಹುಡುಗರು ನನಗೆ ಏನೋ ಆಗಿದೆ ಅಂದುಕೊಂಡರು. ಆದರೆ ಕಂಡಿತು ನೋಡಿ! ಮೊದಲ ಗುಂಪು ನಡುವಿನಿಂದ ಬಂದು ಎರಡು ಕಡೆ ಬಳ್ಳಿಯ ಹಾಗೆ ಸುರುಳಿ ಸುತ್ತುತ್ತದೆ. ಪ್ರತಿ ಸಲ ಅಲ್ಲೇ. ಮೂರನೇ ಆಟದಲ್ಲಿ ಅಲ್ಲೇ ಕಾದು ನಿಂತೆ. ಬಂದವು, ಒಂದಾದ ಮೇಲೊಂದು ಒಡೆದವು. ಮೂರನೇ ಸ್ಟೇಜ್ ಮುಟ್ಟಿದೆ. ಚಾಲೆಂಜಿಂಗ್ ಸ್ಟೇಜಿನಲ್ಲಿ ಹದಿನೇಳು. 11,390.

ಹ್ಯಾಂಡಲಿಗೆ ತಗಡು ಹಾಕಲು ಗೆಳೆಯನಿಗೆ ಹೇಳಿದ್ದೇನೆ. "ಆಡಲು ಬಾರದವನು ಹ್ಯಾಂಡಲ್ ಡೊಂಕು ಅಂದ" ಅಂತ ನಕ್ಕ. ಆದರೂ ಕತ್ತರಿಸುತ್ತಿದ್ದಾನೆ.

ಸುಮ್ನೆ_ಓದುವವ

ಕಾಕಾ ಕರದಂಟು ಆರ್ಡರ್ ಮಾಡಿ ಇಟ್ಟುಕೊಳ್ಳಿ.

ಕಾಂಟ್ರಾ_ಕಾಕಾ

ಇನ್ನೂ ಮೂರು ದಿನ ಇದೆ.

ಟಿಳಕವಾಡಿ_ಚಹಾ

ಭಾನುವಾರ, ರಾತ್ರಿ 9. ಬರೆಯಲು ಕೈ ನಡುಗುತ್ತಿದೆ.

ಐದನೇ ನಾಣ್ಯ. ಮೊದಲ ಸ್ಟೇಜಿನಲ್ಲೇ ಬಾಸ್ ಇಳಿದು ಬಂತು. ಓಡಲಿಲ್ಲ. ನಿಂತೆ. ಬೆಳಕಿನೊಳಗೆ ನನ್ನ ವಿಮಾನ ಗಿರಗಿರ ತಿರುಗುತ್ತಾ ಮೇಲೆ ಹೋಗುವುದನ್ನು ನೋಡುವುದಿದೆಯಲ್ಲ, ಮಗಳನ್ನು ಮೊದಲ ದಿನ ಸ್ಕೂಲ್ ಬಸ್ಸಿಗೆ ಹತ್ತಿಸಿದಾಗಲೂ ಇಷ್ಟು ಕಸಿವಿಸಿ ಆಗಿರಲಿಲ್ಲ. ಆಮೇಲೆ ಅದು ಧುಮುಕಿತು. ಎರಡು ಏಟು. ವಿಮಾನ ತಿರುಗುತ್ತಾ ಬಂದು ಪಕ್ಕದಲ್ಲಿ ನಿಂತಿತು. ಶೆಡ್ಡಿನಲ್ಲಿ ಎಲ್ಲರೂ ಕೂಗಿದರು.

ಚಾಲೆಂಜಿಂಗ್ ಸ್ಟೇಜಿನಲ್ಲಿ 24 ಹೊಡೆದೆ. ಐದನೇ ಸ್ಟೇಜಿನ ಕೊನೆಗೆ 20,000 ದಾಟಿತು, ಒಂದು ವಿಮಾನ ಬೋನಸ್ ಕೂಡ ಬಂತು. ಆ ಖುಷಿಯಲ್ಲಿ ಆರನೇ ಸ್ಟೇಜಿನಲ್ಲಿ ಉಳಿದಿದ್ದೆಲ್ಲ ಕಳೆದೆ. ಸ್ಕೋರ್ 21,870. ಮೇಲೆ ಹೈಸ್ಕೋರ್ ಜಾಗದಲ್ಲೂ 21,870.

ಫೋಟೋ ತೆಗೆಯೋಣ ಅಂತ ಜೇಬಿನಿಂದ ಮೊಬೈಲ್ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಪರದೆ ಮೇಲೆ ಹೈಸ್ಕೋರ್ 20000.

ಖಡೇಬಜಾರ್_ಹುಡುಗ

ಅಯ್ಯೋ ಅಂಕಲ್!! 😭😭

ಗುಮ್ಮಟದ_ಗುಬ್ಬಿ

ಅದು ಹಾಗೇ. ಅಸಲಿ ಪೆಟ್ಟಿಗೆಯಲ್ಲೂ ಕರೆಂಟ್ ಹೋದರೆ ಹೈಸ್ಕೋರ್ ಉಳಿಯುತ್ತಿರಲಿಲ್ಲ. ಮತ್ತೆ 20000 ದಿಂದಲೇ ಶುರು.

ಕಾಂಟ್ರಾ_ಕಾಕಾ

ಫೋಟೋ ಇಲ್ಲ. ಹಾಗಾದರೆ ಕುಂದಾ.

ಉದ್ಯಮಬಾಗ_ಗ್ರೈಂಡರ್

ಸಾಕ್ಷಿ ಇದೆ ಕಾಕಾ, ನಾನು ಪಕ್ಕದ ಶೆಡ್ಡಿನಲ್ಲೇ ಇದ್ದೆ, ಕೂಗು ಕೇಳಿದೆ. ಕರೆಂಟ್ ಹೋದದ್ದೂ ನಿಜ, ನನ್ನ ವೆಲ್ಡಿಂಗ್ ಅರ್ಧಕ್ಕೆ ನಿಂತಿತು.

ಕಾಂಟ್ರಾ_ಕಾಕಾ

ಕೂಗು ಕೇಳಿದಿರಿ, ಸ್ಕೋರ್ ನೋಡಿದಿರಾ?

ಟಿಳಕವಾಡಿ_ಚಹಾ

ಒಂದು ನಿಮಿಷ. ಕರೆಂಟ್ ಹೋಗುವ ಮೊದಲು ಕೊನೆಯ ಪಟ್ಟಿ ಬಂದಿತ್ತು. ನಾನು ಅದನ್ನು ಪ್ರತಿ ಆಟಕ್ಕೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಅಭ್ಯಾಸ. ಹಾರಿಸಿದ್ದು 452. ತಗುಲಿದ್ದು 212. ಶೇಕಡಾ 46.9.

ಗುಮ್ಮಟದ_ಗುಬ್ಬಿ

212 ಭಾಗಿಸು 452. ಹೌದು, 46.9. ತಾಳೆ ಆಗುತ್ತದೆ.

ಕಾಂಟ್ರಾ_ಕಾಕಾ

ಲೆಕ್ಕಪತ್ರದವನು ತಾಳೆ ಆಗದ ಲೆಕ್ಕ ಕೊಡುತ್ತಾನೇನಮ್ಮಾ?

ನಿವೃತ್ತ_ಮಾಸ್ತರ

ಗೋಕಾಕದಿಂದ ಬೆಳಗಾವಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿ ಕಾಕಾ. ಜಗ್ಗಾಡಬೇಡಿ.

ನವನಗರ_ಸೆಕ್ಟರ್

ಅಮೀನಗಡದಿಂದಲೂ ಬಸ್ ಇದೆ.

ನಿರ್ವಾಹಕ

ಬೇಡ ಅಂದೆ.